ಹೊತ್ತಿನ ಕೀರ್ದಿ



ಕಳೆದ ಶ್ರಾವಣದಲ್ಲಿ ಬೈಲಹೊಂಗಲದ ಆಪ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಮನೆಯ ಯಜಮಾನರು ಪೇಟೆಯ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ ದುಡಿದು ಈಗ ವಿಶ್ರಾಂತರಾಗಿರುವವರು. ಪಡಸಾಲೆಯಲ್ಲಿ ಕುಳಿತು ಮಳೆ, ಬೆಳೆ, ಹತ್ತಿಯ ದರ ಎಂದು ಮಾತನಾಡುತ್ತಿರುವಾಗ ಒಳಗಿನ ಕೋಣೆಯಿಂದ ಕೀಲಿಮಣೆಯ ಸಪ್ಪಳ ಎಡೆಬಿಡದೆ ಕೇಳಿಬರುತ್ತಿತ್ತು. ವಿಚಾರಿಸಿದಾಗ ಮನೆಯ ಹಿರಿಯ ತಾಯಿ ಅಭಿಮಾನದಿಂದಲೇ ಹೇಳಿದರು: “ನಮ್ಮ ಸೊಸಿರಿ. ಬೆಂಗಳೂರಿನವರು ಹಾಳಿ ಕಳಸ್ತಾರ, ಈಕಿ ಟೈಪ್ ಮಾಡಿ ತಿರುಗಿ ಕಳಸ್ತಾಳ. ಮನ್ಯಾಗ ಕುಂತಲ್ಲೇ ಕೆಲಸ. ಹೊರಗ ಹೋಗೂ ತ್ರಾಸಿಲ್ಲ.”

ಸ್ವಲ್ಪ ಹೊತ್ತಿನಲ್ಲಿ ಆ ತಾಯಿ ಹೊರಗೆ ಬಂದು ಶರಣು ಮಾಡಿದಳು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. “ತಾಸಿಗೆ ಎಷ್ಟು ಬೀಳತೈತಿ ತಂಗಿ?” ಎಂದು ಕೇಳಿದೆವು. “ತಾಸಿನ ಲೆಕ್ಕಾ ಇಲ್ರಿ ಕಾಕಾರ. ಪುಟಕ್ಕ ಹದಿನೈದು ರೂಪಾಯಿ. ತಾಸಿಗೆ ನಾಲ್ಕು ಪುಟ ಮಾಡತೀನಿ. ಅಂದ್ರ ಅರವತ್ತು ಬಿದ್ದಂಗ ಆತಲ್ರಿ” ಎಂದಳು. “ದಿನಕ್ಕ ಎಷ್ಟು ತಾಸು ಕೂಡತಿ?” ಎಂಬ ಮುಂದಿನ ಪ್ರಶ್ನೆಗೆ ಮಾತ್ರ ಆಕೆಯಲ್ಲಿ ಉತ್ತರವಿರಲಿಲ್ಲ. ಅತ್ತೆಯವರು “ಬಿಡುವಾದಾಗ ಕೂಡತಾಳ್ರಿ” ಎಂದರು. ಮಾವನವರು “ಯಾವಾಗ ನೋಡಿದರೂ ಕೂತೇ ಇರತಾಳ” ಎಂದರು. ಗಂಡ “ಮೂರ್ನಾಕು ತಾಸು ಇರಬೇಕು” ಎಂದನು. ಒಂದೇ ಮನೆಯೊಳಗೆ, ಒಂದೇ ದುಡಿಮೆಗೆ ಮೂರು ಲೆಕ್ಕಗಳು; ದುಡಿಯುವವಳಲ್ಲಿ ಮಾತ್ರ ಒಂದೂ ಇಲ್ಲ. ಈ ತಿಂಗಳ ಅಂಕಣವನ್ನು ಬರೆಯಲು ನಮಗೆ ಕಾರಣವಾದದ್ದು ಆ ಮೌನವೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಇಂತಹ ದುಡಿಮೆ ಈಗ ಅಪರೂಪವಲ್ಲ. ಒಂದು ಕಾಲಕ್ಕೆ ಊರೂರಿನ ಬೆರಳಚ್ಚು ಶಾಲೆಗಳಲ್ಲಿ ಜ್ಯೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ ಮಕ್ಕಳು ಕಚೇರಿಯ ನೌಕರಿಗೆ ಅರ್ಜಿ ಹಾಕುತ್ತಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವೂ ಅದರ ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದ ಮೇಲೆ ಕನ್ನಡದ ಟೈಪಿಂಗ್ ಕೆಲಸ ಮನೆಮನೆಯ ಗಣಕಯಂತ್ರಕ್ಕೆ ಇಳಿಯಿತು. ಅಂತರಜಾಲ ಹಳ್ಳಿಗೂ ತಲುಪಿದ ಮೇಲಂತೂ ಕೆಲಸ ಕೊಡುವವರ ಮುಖ ಕಾಣದೆಯೇ ಕೆಲಸ ಮಾಡುವುದು ರೂಢಿಯಾಯಿತು. ಹಳೆಯ ಪುಸ್ತಕಗಳ ಪುಟ, ಶಾಲೆಯ ಪ್ರಶ್ನೆಪತ್ರಿಕೆ, ಬಿಲ್ಲು, ಅರ್ಜಿ ನಮೂನೆ, ಭಾಷಣದ ಧ್ವನಿಮುದ್ರಣ, ಆಸ್ಪತ್ರೆಯ ವೈದ್ಯರ ಟಿಪ್ಪಣಿ ಇವೆಲ್ಲ ಈ ಕೆಲಸದ ಬಗೆಗಳು. ಕೂಲಿಯೂ ಹಾಗೆಯೇ ಬಗೆಬಗೆ. ಪುಸ್ತಕಕ್ಕೆ ಪುಟದ ಲೆಕ್ಕ, ನಮೂನೆಗೆ ನಗದ ಲೆಕ್ಕ, ಧ್ವನಿಮುದ್ರಣಕ್ಕೆ ನಿಮಿಷದ ಲೆಕ್ಕ, ವೈದ್ಯರ ಟಿಪ್ಪಣಿಗೆ ಸಾಲಿನ ಲೆಕ್ಕ. ಆ ಸಾಲು ಎಂದರೂ ಕಣ್ಣಿಗೆ ಕಾಣುವ ಸಾಲಲ್ಲ. 65 ಅಕ್ಷರಚಿಹ್ನೆಗಳಿಗೆ ಒಂದು ಸಾಲೆಂದು ಆ ವ್ಯವಹಾರದಲ್ಲಿ ರೂಢಿ. ಎಲ್ಲದಕ್ಕೂ ಸಮಾನವಾದ ಒಂದು ಸಂಗತಿಯೆಂದರೆ, ಹೊತ್ತಿನ ಹೆಸರು ಎಲ್ಲಿಯೂ ಇಲ್ಲ.

ಇದು ಹೊಸದೇನೂ ಅಲ್ಲವೆಂದು ನಮಗೆ ತಿಳಿಸಿದವರು ರಾಮದುರ್ಗದ ನೇಕಾರರ ಮನೆಯ ಒಬ್ಬ ತಾಯಿ. ಅವರ ಮಗಳು ಬಿಲ್ಲುಗಳನ್ನು ಗಣಕಯಂತ್ರಕ್ಕೆ ತುಂಬುವ ಕೆಲಸ ಮಾಡುತ್ತಾಳೆ. ಅದನ್ನು ಕುರಿತು ಮಾತನಾಡುತ್ತಿರುವಾಗ ಆ ತಾಯಿ ಕಂಡಿಕೆ ಸುತ್ತುತ್ತಲೇ ಹೇಳಿದರು: “ನಮಗ ಸೀರಿ ಲೆಕ್ಕದಾಗ ಮಜೂರಿ. ಕಂಡಕಿ ಸುತ್ತಿದ ಹೊತ್ತು, ಎಳಿ ಕೂಡಿಸಿದ ಹೊತ್ತು ಯಾರು ಕೇಳ್ಯಾರ? ಅದೆಲ್ಲಾ ಸೀರಿಯೊಳಗ ಮುಚ್ಚಿ ಹೋಗತೈತಿ.” ಈ ಮಾತು ನಮ್ಮನ್ನು ಬಹಳ ಹೊತ್ತು ಬಿಡಲಿಲ್ಲ. ಮಗ್ಗದ ಮೇಲೆ ಕುಳಿತು ಲಾಳಿ ಓಡಿಸುವುದಷ್ಟೇ ನೇಯ್ಗೆಯಲ್ಲ. ಹಾಸು ಏರಿಸಬೇಕು, ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು, ಕಂಡಿಕೆ ತುಂಬಬೇಕು, ಹರಿದ ಎಳೆಯನ್ನು ಹುಡುಕಿ ಕಟ್ಟಬೇಕು. ಇವುಗಳಲ್ಲಿ ಬಹುಪಾಲನ್ನು ಮನೆಯ ಹೆಣ್ಣುಮಕ್ಕಳೂ ಮುದುಕರೂ ಮಾಡುತ್ತಾರೆ. ಮಜೂರಿ ಬರುವುದು ಮಡಿಚಿಟ್ಟ ಸೀರೆಗೆ. ನಮ್ಮದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರಿಗೆ ಸಾವಿರಕ್ಕಿಷ್ಟೆಂದು ಕೂಲಿ. ಎಲೆ ನೆನೆಸಿ ಕತ್ತರಿಸುವ ಹೊತ್ತು ಆ ಸಾವಿರದೊಳಗೇ ಅಡಗಿದೆ. ಹತ್ತಿ ಬಿಡಿಸುವವರಿಗೆ ಕಿಲೋ ಲೆಕ್ಕ. ಹೊಲಕ್ಕೆ ನಡೆದುಹೋದ ಹೊತ್ತಿಗೆ ತೂಕವಿಲ್ಲ.

ಹೀಗಿದ್ದರೂ ನೇಕಾರರಿಗೆ ಒಂದು ಅನುಕೂಲವಿತ್ತು ಎಂದು ನಮ್ಮ ಅನಿಸಿಕೆ. ಮಗ್ಗದ ಸಪ್ಪಳ ಓಣಿಗೆಲ್ಲ ಕೇಳುತ್ತದೆ; ಯಾರ ಮನೆಯಲ್ಲಿ ಎಷ್ಟು ಹೊತ್ತಿನವರೆಗೆ ನೇಯ್ದರೆಂದು ಎಲ್ಲರಿಗೂ ಗೊತ್ತು. ಬೀಡಿ ಕಟ್ಟುವವರು ಕಟ್ಟೆಯ ಮೇಲೆ ಒಟ್ಟಿಗೆ ಕುಳಿತು ಕಟ್ಟುತ್ತಾರೆ, ದರದ ಮಾತನ್ನೂ ಒಟ್ಟಿಗೆ ಆಡುತ್ತಾರೆ. ಟೈಪಿಂಗ್ ಮಾಡುವ ತಾಯಿ ಒಳಕೋಣೆಯಲ್ಲಿ ಒಬ್ಬಳೇ. ಅದೇ ಕೆಲಸವನ್ನು ಅದೇ ಊರಿನಲ್ಲಿ ಮತ್ತೆ ಯಾರು ಮಾಡುತ್ತಾರೆಂಬುದೂ ಆಕೆಗೆ ತಿಳಿಯದು. ಆಕೆಯ ಹೊತ್ತಿಗೆ ಸಾಕ್ಷಿ ಎಂದರೆ ಗೋಡೆಯ ಗಡಿಯಾರ ಮಾತ್ರ.

ಬೈಲಹೊಂಗಲದ ಮನೆಗೆ ಮರಳೋಣ. ಆ ದಿನ ನಮ್ಮ ಮಾತು ಮುಗಿಯುವಷ್ಟರಲ್ಲಿ ಯಜಮಾನರು ಎದ್ದುಹೋಗಿ ಒಂದು ಉದ್ದನೆಯ ವಹಿಯನ್ನು ತಂದರು. ಅಡತಿಯಲ್ಲಿ ಕೀರ್ದಿ ಬರೆದು ಪಳಗಿದ ಕೈ. ಪುಟಕ್ಕೆ ಐದು ಗೆರೆ ಎಳೆದು ಮನೆಗಳನ್ನು ಮಾಡಿದರು. ಕುಳಿತ ಹೊತ್ತು, ಎದ್ದ ಹೊತ್ತು, ಯಾವ ಕೆಲಸ, ಎಷ್ಟು ಪುಟ, ಷರಾ. “ಸಂಜಿಗೆ ನೆನಪ ಮಾಡಿ ಬರದರ ಅದು ಕೀರ್ದಿ ಅಲ್ಲವಾ, ಕಥಿ. ಆದಾಗಲೇ ಬರೀಬೇಕು” ಎಂದು ಸೊಸೆಗೆ ಹೇಳಿದರು. ಲೆಕ್ಕದ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಉಪದೇಶವನ್ನು ನಾವು ಕೇಳಿಲ್ಲ.

ಮೊದಲೆರಡು ದಿನ ಗೊಂದಲವಾಯಿತಂತೆ. ಕಡತ ತೆರೆಯುವವರೆಗೆ ಕಾಯುವುದು ಕೆಲಸವೇ? ಬೆಂಗಳೂರಿನಿಂದ ಫೋನು ಬಂದು ಹತ್ತು ನಿಮಿಷ ಮಾತನಾಡಿದರೆ ಅದು ಯಾವ ಮನೆಗೆ ಸೇರಬೇಕು? ಮಗು ಅತ್ತಿತು, ಎದ್ದು ಹೋಗಿ ಮಲಗಿಸಿ ಬಂದಳು, ಅದೇನು? ಕರೆಂಟು ಹೋಯಿತು, ಇನ್ನೇನು ಬರುತ್ತದೆಂದು ಅಲ್ಲಿಯೇ ಕುಳಿತಳು, ಅದೇನು? ಮಾವ-ಸೊಸೆ ಇಬ್ಬರೂ ಕೂಡಿ ಒಂದು ಕಟ್ಟು ಮಾಡಿಕೊಂಡರು. ಕೆಲಸ ಕೊಟ್ಟವರ ಕಾರಣದಿಂದ ಕಾಯಬೇಕಾಗಿ ಬಂದರೆ ಅದು ಕೆಲಸದ ಹೊತ್ತೇ. 20 ನಿಮಿಷದೊಳಗಿನ ಬಿಡುವು ಕೆಲಸದೊಳಗಿನ ಬಿಡುವೆಂದು ಬರೆಯುವುದು. ಅದಕ್ಕಿಂತ ಮೀರಿದರೆ ಎದ್ದ ಹೊತ್ತನ್ನು ಬರೆದು ಲೆಕ್ಕ ಮುಚ್ಚುವುದು, ಮತ್ತೆ ಕುಳಿತಾಗ ಹೊಸ ಸಾಲು. ಊಟ, ಪೂಜೆ, ಅಡಿಗೆಯ ಹೊತ್ತಿಗೆ ಇಲ್ಲಿ ಜಾಗವಿಲ್ಲ.

ಆರು ದಿನಗಳ ಮೊತ್ತವನ್ನು ಯಜಮಾನರು ನಮಗೆ ಕಾಗದದಲ್ಲಿ ಬರೆದು ಕಳಿಸಿದರು. ಒಟ್ಟು ಕುಳಿತದ್ದು 42 ತಾಸು. ಟೈಪ್ ಮಾಡಿದ್ದು 27 ತಾಸು, ಪುಟ 108. ತಾಸಿಗೆ ನಾಲ್ಕು ಪುಟವೆಂದು ಸೊಸೆ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ತಿರುಗಿ ಬಂದ ಪುಟಗಳ ತಿದ್ದುಪಡಿಗೆ 7 ತಾಸು ಹೋಗಿತ್ತು. ಕಡತ ಇಳಿಸುವುದು, ಏರಿಸುವುದು, ಫೋನು, ಕಾಯುವಿಕೆ ಎಲ್ಲ ಸೇರಿ 4 ತಾಸು. ಬಿಡುವು 4 ತಾಸು. ಬಂದ ಹಣ 1,620 ರೂಪಾಯಿ. ತಾಸಿಗೆ 60 ಎಂದು ತಿಳಿದಿದ್ದ ಗಳಿಕೆ ಭಾಗಿಸಿ ನೋಡಿದರೆ 38 ರೂಪಾಯಿ 57 ಪೈಸೆ. ಬಿಡುವನ್ನು ಬಿಟ್ಟು ಲೆಕ್ಕ ಹಾಕಿದರೂ 42 ರೂಪಾಯಿ 63 ಪೈಸೆಗೆ ಮೇಲೇರದು. ವಿದ್ಯುತ್ತು, ಅಂತರಜಾಲದ ಖರ್ಚನ್ನು ಇನ್ನೂ ಕಳೆದಿಲ್ಲ. ಗಂಡನ “ಮೂರ್ನಾಕು ತಾಸು” ದಿನಕ್ಕೆ 7 ತಾಸಾಗಿತ್ತು.

ಕಾಗದದ ಕೊನೆಯಲ್ಲಿ ಯಜಮಾನರು ಒಂದು ಮಾತು ಸೇರಿಸಿದ್ದರು. “ಇಷ್ಟು ವರ್ಷ ಊರ ಮಂದಿಯ ಲೆಕ್ಕ ಬರೆದೆ. ಮನೆಯೊಳಗಿನ ಲೆಕ್ಕ ಕಾಣಲಿಲ್ಲ.”

ತಿದ್ದುಪಡಿಯ ಆ 7 ತಾಸುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡದ ಟೈಪಿಂಗ್ ಮಾಡುವವರ ಗೋಳು ಅಲ್ಲಿದೆ. ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಠ್ಯವನ್ನು ಯುನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಸ್ಥಾನ ತಪ್ಪುವುದುಂಟು, ಒತ್ತಕ್ಷರಗಳು ಚದುರುವುದುಂಟು. ಯಂತ್ರ ಮಾಡಿದ ಆ ತಪ್ಪನ್ನು ಕೈಯಿಂದ ಸರಿಪಡಿಸುವವಳು ಟೈಪ್ ಮಾಡಿದವಳೇ, ಕೂಲಿಯಿಲ್ಲದೆ. ಈಚೆಗೆ ಮತ್ತೊಂದು ಬಗೆ ಬಂದಿದೆ. ಪುಟದ ಚಿತ್ರವನ್ನು ಯಂತ್ರವೇ ಓದಿ ಅಕ್ಷರವಾಗಿ ಮಾಡಿಕೊಡುತ್ತದೆ. ಮನುಷ್ಯರು ತಪ್ಪು ತಿದ್ದಿದರೆ ಸಾಕು ಎಂದು ಪುಟದ ದರವನ್ನು ಇಳಿಸುತ್ತಾರೆ. ಮಾಸಿದ ಹಳೆಯ ಮುದ್ರಣವಾದರೆ ಯಂತ್ರದ ತಪ್ಪು ತಿದ್ದುವುದಕ್ಕಿಂತ ಮೊದಲಿನಿಂದ ಟೈಪ್ ಮಾಡುವುದೇ ಬೇಗ ಆಗುತ್ತದೆಂದು ಈ ಕೆಲಸದವರು ಹೇಳುತ್ತಾರೆ. ಇದು ನಿಜವೋ ಅಲ್ಲವೋ ಎಂದು ನಿರ್ಧರಿಸಲು ಬೇಕಾದದ್ದು ವಾದವಲ್ಲ, ವಹಿಯಲ್ಲಿ ಎರಡು ಸಾಲು.

ಸವದತ್ತಿಯ ಒಬ್ಬ ಓದುಗ ತಂಗಿ ಧ್ವನಿಮುದ್ರಣ ಕೇಳಿ ಬರೆಯುವ ಕೆಲಸದವಳು. ಆಕೆಯ ದರ ಮುದ್ರಣದ ನಿಮಿಷಕ್ಕೆ 6 ರೂಪಾಯಿ. 45 ನಿಮಿಷದ ಒಂದು ಸಂಭಾಷಣೆ ಬಂದಾಗ 270 ರೂಪಾಯಿ ಮುಕ್ಕಾಲು ತಾಸಿಗೆ ಬಂದಂತೆ ಮನೆಯವರಿಗೆ ಕಂಡಿತಂತೆ. ನಾಲ್ಕು ಜನ ಒಮ್ಮೆಲೆ ಮಾತನಾಡಿದ್ದರು, ಹಿಂದೆ ಫ್ಯಾನಿನ ಸದ್ದು. ತಿರುಗಿ ತಿರುಗಿ ಕೇಳಿ ಬರೆದು ಮುಗಿಸಲು ಹಿಡಿದದ್ದು 5 ತಾಸು. ತಾಸಿಗೆ 54 ರೂಪಾಯಿ. ಸ್ಪಷ್ಟವಾದ ಧ್ವನಿಯನ್ನು ಬರೆಯುವುದಕ್ಕೂ ಅದರ ಅವಧಿಯ ನಾಲ್ಕು ಪಟ್ಟು ಹೊತ್ತು ಹಿಡಿಯುವುದು ಈ ಕಸುಬಿನಲ್ಲಿ ಸಾಮಾನ್ಯ. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳಲ್ಲಿ ಮನೆ ತುಂಬ ಬಂಧುಗಳು ಬಂದಿರುವಾಗ ಆಕೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತಿರುತ್ತಾಳೆ. ಬಂಧುಗಳ ಲೆಕ್ಕದಲ್ಲಿ ಆಕೆ ಮಲಗಿದ್ದಾಳೆ.

ಕಿತ್ತೂರಿನಿಂದ ಬಂದ ಪತ್ರದ ಮಾತು ಬೇರೆ. ಅಲ್ಲಿಯ ಯುವಕನ ಗಣಕಯಂತ್ರದಲ್ಲಿ ಕೆಲಸ ಕೊಡುವವರು ಹೊತ್ತು ಎಣಿಸುವ ತಂತ್ರಾಂಶವನ್ನೇ ಹಾಕಿಸಿದ್ದಾರೆ. ಅದು ಆಗಾಗ ಪರದೆಯ ಚಿತ್ರ ತೆಗೆಯುತ್ತದೆ, ಬೆರಳು ಆಡಿದ್ದನ್ನು ಎಣಿಸುತ್ತದೆ. ಹಾಗಾದರೆ ಹೊತ್ತಿನ ಲೆಕ್ಕ ಸಿಕ್ಕಿತಲ್ಲ ಎಂದು ನಾವೂ ಮೊದಲು ಸಂತೋಷಪಟ್ಟೆವು. ಆದರೆ ಕೈಬರಹದ ನಮೂನೆಯಲ್ಲಿ ಒಂದು ಹೆಸರು ಓದಲಾಗದೆ ಎರಡು ನಿಮಿಷ ದಿಟ್ಟಿಸಿ ನೋಡಿದರೆ ಆ ಯಂತ್ರಕ್ಕೆ ಅದು ಸುಮ್ಮನೆ ಕುಳಿತಂತೆ. ಕಣ್ಣಿನ ದುಡಿಮೆಯನ್ನು ಅದು ಕಾಣದು. ಅಲ್ಲದೆ ಆ ಲೆಕ್ಕವಿರುವುದು ಕೊಟ್ಟವರ ಬಳಿ. ಅಡತಿಯವನ ವಹಿ ಒಂದನ್ನೇ ನಂಬಿ ಹತ್ತಿ ಮಾರಿದ ರೈತನ ಕಥೆಯನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯಂತ್ರ ಎಣಿಸಲಿ, ಬೇಡವೆನ್ನುವುದಿಲ್ಲ. ತನ್ನದೊಂದು ವಹಿ ತನ್ನ ಕೈಯಲ್ಲಿ ಇರಲಿ.

ಇನ್ನು ಬಿಡುವಿನ ಮಾತು. ನಮ್ಮ ಮನೆಗಳಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಪುಟಕ್ಕೆ ಕೂಲಿ ಇರುವಲ್ಲಿ ಎದ್ದ ಹೊತ್ತೆಲ್ಲ ನಷ್ಟವೆಂದು ದುಡಿಯುವವರಿಗೆ ತೋರುತ್ತದೆ. ಆದ್ದರಿಂದ ಏಳುವುದಿಲ್ಲ. ಬೈಲಹೊಂಗಲದ ವಹಿಯ ಮೊದಲ ವಾರದ 4 ತಾಸು ಬಿಡುವನ್ನು ನಾವು ಷರಾದ ಮನೆಯೊಂದಿಗೆ ಹೋಲಿಸಿ ನೋಡಿದೆವು. ಹೆಚ್ಚಿನವು ಕರೆಂಟು ಹೋದದ್ದು, ಮಗು ಎದ್ದದ್ದು, ಬಾಗಿಲಿಗೆ ಯಾರೋ ಬಂದದ್ದು. ಮಣಿಕಟ್ಟು ನೋಯುತ್ತದೆಂದು, ಕಣ್ಣು ಉರಿಯುತ್ತದೆಂದು ತಾನಾಗಿ ಎದ್ದ ಬಿಡುವು ಆರು ದಿನದಲ್ಲಿ ಒಂದೂ ಇರಲಿಲ್ಲ.

ಅಮೆರಿಕೆಯಲ್ಲಿ ಕಾರ್ಮಿಕರ ಆರೋಗ್ಯವನ್ನು ಕುರಿತು ಸಂಶೋಧನೆ ನಡೆಸುವ ಸರಕಾರಿ ಸಂಸ್ಥೆಯೊಂದಿದೆ. ನಿಯೋಶ್ ಎಂದು ಅದರ ಹೆಸರಿನ ಹ್ರಸ್ವರೂಪ. ಅಲ್ಲಿಯ ಸಂಶೋಧಕರು ತೆರಿಗೆ ಇಲಾಖೆಯಲ್ಲಿ ದಿನವಿಡೀ ಅಂಕಿಸಂಖ್ಯೆ ತುಂಬುವ ನೌಕರರನ್ನು ಪರೀಕ್ಷಿಸಿ 2000ನೆಯ ಇಸವಿಯಲ್ಲಿ ಫಲಿತಾಂಶ ಪ್ರಕಟಿಸಿದರು. ವಾಡಿಕೆಯಂತೆ ದಿನಕ್ಕೆ 15 ನಿಮಿಷದ ಎರಡು ಬಿಡುವು ಇದ್ದವು. ಅವಲ್ಲದೆ, ಬಿಡುವಿಲ್ಲದ ಪ್ರತಿ ತಾಸಿನಲ್ಲಿ 5 ನಿಮಿಷ ಹೆಚ್ಚಿಗೆ ಕೊಟ್ಟು ನೋಡಿದರು. ದಿನಕ್ಕೆ ಒಟ್ಟು 20 ನಿಮಿಷ ಹೆಚ್ಚು. ಕೈ, ಬೆನ್ನು, ಕಣ್ಣುಗಳ ಬೇನೆ ಕಡಿಮೆಯಾಯಿತು. ಕೆಲಸ ಮಾತ್ರ ಕಡಿಮೆಯಾಗಲಿಲ್ಲ. ಕುಳಿತ ಹೊತ್ತು ಇಳಿದರೂ ಬೆರಳು ಆ ಕೊರತೆಯನ್ನು ತುಂಬಿಕೊಟ್ಟಿತು. ಅದೇ ದೇಶದ ಕೇಂದ್ರ ನಿಯಮದ ಪ್ರಕಾರ 5ರಿಂದ 20 ನಿಮಿಷದವರೆಗಿನ ಸಣ್ಣ ಬಿಡುವನ್ನು ದುಡಿದ ಹೊತ್ತೆಂದೇ ಎಣಿಸಬೇಕು. ಕ್ಯಾಲಿಫೋರ್ನಿಯಾ ಪ್ರಾಂತ್ಯ ಇನ್ನೂ ಮುಂದೆ ಹೋಗಿ, ನಗಕ್ಕೆ ಕೂಲಿ ಪಡೆಯುವವರಿಗೂ ಬಿಡುವಿನ ಹೊತ್ತಿಗೆ ಪ್ರತ್ಯೇಕವಾಗಿ ಹಣ ಕೊಡಬೇಕೆಂದು 2016ರ ಜನವರಿ 1ರಿಂದ ಕಾನೂನು ಜಾರಿಗೆ ತಂದಿತು. ಬೈಲಹೊಂಗಲದ ಮಾವ-ಸೊಸೆ ಮಾಡಿಕೊಂಡ 20 ನಿಮಿಷದ ಕಟ್ಟು ಆ ನಿಯಮಕ್ಕೆ ಸರಿಹೋದದ್ದನ್ನು ಕಂಡು ನಮಗೆ ನಗು ಬಂದಿತು. ಗುಮಾಸ್ತರು ಆ ದೇಶದ ನಿಯಮವನ್ನು ಓದಿದವರಲ್ಲ.

ಮೂರನೆಯ ವಾರದಿಂದ ಆಕೆ ಗಡಿಯಾರ ನೋಡಿ ತಾಸಿಗೊಮ್ಮೆ 5 ನಿಮಿಷ ಏಳತೊಡಗಿದಳು. ಕೈ ಜಾಡಿಸಿ, ನೀರು ಕುಡಿದು, ಹಿತ್ತಲಿನ ಬಾಗಿಲಲ್ಲಿ ನಿಂತು ದೂರದ ಗಿಡ ನೋಡಿ ಬರುವುದು. ಇನ್ನೊಂದು ಸಂಗತಿಯನ್ನು ವಹಿಯೇ ತೋರಿಸಿಕೊಟ್ಟಿತ್ತು. ತಪ್ಪೆಂದು ತಿರುಗಿ ಬಂದ ಪುಟಗಳನ್ನು ಅವು ಟೈಪ್ ಆದ ಹೊತ್ತಿನೊಂದಿಗೆ ಕೂಡಿಸಿ ನೋಡಿದಾಗ, ಹೆಚ್ಚಿನವು ರಾತ್ರಿ ಹತ್ತರ ನಂತರ ಮಾಡಿದವು. ರಾತ್ರಿ ಗಳಿಸಿದ್ದನ್ನು ಆಕೆ ಮರುದಿನ ಮಧ್ಯಾಹ್ನ ತಿದ್ದುಪಡಿಯಲ್ಲಿ ತಿರುಗಿ ಕೊಡುತ್ತಿದ್ದಳು. ರಾತ್ರಿ ಕೂಡುವುದನ್ನು ನಿಲ್ಲಿಸಿದಳು. ಆ ವಾರದ ಮೊತ್ತ ಹೀಗಿತ್ತು: ಟೈಪಿಂಗ್ 25 ತಾಸು, ತಿದ್ದುಪಡಿ ನಾಲ್ಕೂವರೆ, ಕಾಯುವಿಕೆ 3, ಬಿಡುವು ಮೂರೂವರೆ, ಒಟ್ಟು 36 ತಾಸು. ಪುಟ 104, ಹಣ 1,560 ರೂಪಾಯಿ. ಮೊದಲ ವಾರಕ್ಕಿಂತ 60 ರೂಪಾಯಿ ಕಡಿಮೆ, 6 ತಾಸು ಉಳಿತಾಯ. ತಾಸಿನ ಗಳಿಕೆ 43 ರೂಪಾಯಿ 33 ಪೈಸೆ. ಒಂದು ಮನೆಯ ಒಂದು ವಾರದಿಂದ ಸಿದ್ಧಾಂತ ಮಾಡಲಾಗದು. ಆ ವಾರ ಬಂದ ಪುಟಗಳ ಅಚ್ಚು ತಿಳಿಯಾಗಿತ್ತೆಂದು ಆಕೆಯೇ ಹೇಳಿದಳು. ಆದರೂ ಎದ್ದರೆ ನಷ್ಟವೆಂಬ ಭಯಕ್ಕೆ ಆಧಾರವಿಲ್ಲವೆಂದು ಆ ಮನೆಯವರು ತಮ್ಮ ಕಣ್ಣಿನಿಂದಲೇ ಕಂಡರು.

ಕಾನೂನು ಏನು ಹೇಳುತ್ತದೆಂದು ಅನೇಕರು ಕೇಳಬಹುದು. ನಗದ ಲೆಕ್ಕದಲ್ಲಿ ದುಡಿಯುವ ನೌಕರರಿಗೆ ಸರಕಾರವು ನಗದ ದರವನ್ನು ಗೊತ್ತುಪಡಿಸದೆ ಹೊತ್ತಿನ ಕನಿಷ್ಠ ದರವನ್ನು ಮಾತ್ರ ಗೊತ್ತುಪಡಿಸಿದ್ದರೆ, ಅವರಿಗೆ ಆ ಹೊತ್ತಿನ ದರಕ್ಕಿಂತ ಕಡಿಮೆ ಕೊಡಕೂಡದು ಎಂಬ ಮಾತು 1948ರ ಕನಿಷ್ಠ ವೇತನ ಕಾಯಿದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಅದೇ ಮಾತು ಉಳಿದಿದೆ. ಬೀಡಿ ಕೆಲಸಗಾರರಿಗಾಗಿ ಬಂದ 1966ರ ಕಾಯಿದೆಯಂತೂ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕೆಲಸಗಾರರೆಂದು ಒಪ್ಪಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಮನೆಗೆಲಸದ ಕೂಲಿಯನ್ನು ಕುರಿತು, ಅಂದರೆ ಮನೆಯಲ್ಲಿಯೇ ಕುಳಿತು ಬೇರೆಯವರಿಗಾಗಿ ಮಾಡುವ ದುಡಿಮೆಯನ್ನು ಕುರಿತು, 177ನೆಯ ಒಡಂಬಡಿಕೆಯನ್ನೇ ಮಾಡಿತು. ಭಾರತ ಅದನ್ನು ಅಂಗೀಕರಿಸಿಲ್ಲ. ತೊಡಕಿರುವುದು ‘ನೌಕರ’ ಎಂಬ ಶಬ್ದದಲ್ಲಿ. ಟೈಪಿಂಗ್ ಕೆಲಸ ಕೊಡುವವರು ಹೆಚ್ಚಾಗಿ ನೌಕರಿಯ ಪತ್ರ ಕೊಡುವುದಿಲ್ಲ, ಗುತ್ತಿಗೆಯೆನ್ನುತ್ತಾರೆ. ಆ ವಾದ ಎಲ್ಲಿಗೆ ಮುಟ್ಟುವುದೋ ಅದು ವಕೀಲರ ಮಾತು. ನಮ್ಮ ಮಾತು ಇಷ್ಟೇ: ಹೊತ್ತಿನ ದರ ಕೇಳುವವರ ಕೈಯಲ್ಲಿ ಹೊತ್ತಿನ ಲೆಕ್ಕವೇ ಇಲ್ಲದಿದ್ದರೆ ವಾದ ಬಾಗಿಲಲ್ಲಿಯೇ ನಿಲ್ಲುತ್ತದೆ. ಮನೆಯಲ್ಲಿ ದುಡಿಯುವವರೂ ಅಸಂಘಟಿತ ಕಾರ್ಮಿಕರೇ ಆದುದರಿಂದ 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಹಣ ಕೊಡಬೇಕಿಲ್ಲ.

ಹಣದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಟೈಪಿಂಗ್ ಕೆಲಸ ಕೊಡಲು ಮೊದಲು ಠೇವಣಿ ಕಟ್ಟಿರಿ ಎನ್ನುವವರನ್ನು ದೂರವಿಡಬೇಕು. ವಾರಗಟ್ಟಲೆ ಕೆಲಸ ಮಾಡಿಸಿ, ತಪ್ಪು ಹೆಚ್ಚಾಗಿವೆ, ಕರಾರು ಮುರಿದಿರಿ, ದಂಡ ಕಟ್ಟಿರಿ ಎಂದು ವಕೀಲರ ಹೆಸರಿನಲ್ಲಿ ಹೆದರಿಸುವ ಮೋಸ ದೇಶದ ಎಲ್ಲೆಡೆ ನಡೆದಿದೆ. ಹಾಗಾದರೆ ಹಣ ಕೊಡದೆ 1930 ಸಂಖ್ಯೆಗೆ ಫೋನು ಮಾಡಬೇಕು.

ನಮ್ಮ ಹಿರಿಯ ಓದುಗರೊಬ್ಬರು ಈ ವಿಷಯ ತಿಳಿದು ಆಕ್ಷೇಪವೆತ್ತಿದರು. ಕಾಯಕವನ್ನು ಗಡಿಯಾರದಿಂದ ಅಳೆಯುವುದು ಶರಣರ ದಾರಿಯೇ ಎಂದು ಅವರ ಪ್ರಶ್ನೆ. ನಮಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದಳೆಂಬ ಕಥೆ ನಮ್ಮ ಮಕ್ಕಳಿಗೂ ಬರುತ್ತದೆ. ಅದನ್ನು ಸಾಮಾನ್ಯವಾಗಿ ಅಲ್ಪತೃಪ್ತಿಯ ಕಥೆಯೆಂದು ಹೇಳುತ್ತೇವೆ. ಆದರೆ ಹೆಚ್ಚಾಯಿತೆಂದು ಆಕೆಗೆ ತಿಳಿದದ್ದು ಹೇಗೆ? ದಿನದ ದುಡಿಮೆಗೆ ಎಷ್ಟೆಂಬ ಅಳತೆ ಆ ಮನೆಯೊಳಗೆ ಇದ್ದುದರಿಂದ. ಹೆಚ್ಚನ್ನು ತಿಳಿಯುವ ಅಳತೆಯೇ ಕಡಿಮೆಯನ್ನೂ ತಿಳಿಸುತ್ತದೆ ಎಂದು ಹಿರಿಯರಿಗೆ ವಿನಯದಿಂದ ಉತ್ತರ ಬರೆದೆವು. ಅವರು ಇನ್ನೂ ಮಾರೋಲೆ ಬರೆದಿಲ್ಲ.

ವಹಿ ಇಟ್ಟುದರಿಂದ ದರ ಏರಿತೇ ಎಂದು ಕೇಳುವವರಿಗೆ ನಡೆದದ್ದನ್ನು ಹೇಳಬೇಕು. ಎರಡು ತಿಂಗಳ ಲೆಕ್ಕವನ್ನು ಹಾಳೆಯ ಮೇಲೆ ಇಳಿಸಿ ಆಕೆ ಕೆಲಸ ಕೊಡುವವರಿಗೆ ಕಳಿಸಿದಳು. ಮಾಸಿದ ಪುಟಗಳಿಗೆ 15ರ ಬದಲು 18 ರೂಪಾಯಿ ಕೊಡಲು ಒಪ್ಪಿದರು. ಯುನಿಕೋಡಿಗೆ ಬದಲಾಯಿಸಿದಾಗಿನ ತಪ್ಪುಗಳ ತಿದ್ದುಪಡಿಗೆ ಹಣ ಕೊಡಲು ಒಪ್ಪಲಿಲ್ಲ. ಆ ಬಗೆಯ ಕೆಲಸವನ್ನು ಆಕೆ ಬಿಟ್ಟಳು. ತಾಸಿಗೆ ಎಷ್ಟು ಬೀಳುತ್ತದೆಂದು ತಿಳಿದ ಮೇಲೆ ಬೇಡವೆನ್ನಲು ಹೆದರಿಕೆಯಾಗಲಿಲ್ಲವಂತೆ.

ಬದಲಾವಣೆ ಹೆಚ್ಚಾಗಿ ಆದದ್ದು ಮನೆಯೊಳಗೆ. ಬೆಳಗಿನ 10ರಿಂದ 1ರವರೆಗೆ ಮಗುವನ್ನು ಅಜ್ಜ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಆಕೆಯನ್ನು ಯಾರೂ ಕರೆಯುವುದಿಲ್ಲ. ಕರೆಂಟು ಹೋದರೆ ಪಡಸಾಲೆಯಿಂದಲೇ “ಹನ್ನೊಂದೂ ಹತ್ತು, ಬರಕೋ” ಎಂದು ಅಜ್ಜನ ಧ್ವನಿ ಕೇಳಿಬರುತ್ತದೆ. ಗಂಡ ತಿಂಗಳಿಗೊಮ್ಮೆ ಮೊತ್ತ ಕೂಡಿಸುತ್ತಾನೆ. “ಬಿಡುವಾದಾಗ ಕೂಡತಾಳ್ರಿ” ಎಂದಿದ್ದ ಅತ್ತೆಯವರು ಮೊದಮೊದಲು ಈ ವಹಿಯನ್ನು ಕಂಡು ಮುನಿಸಿಕೊಂಡಿದ್ದರು. ಮನೆಯೊಳಗೆ ಹಾಜರಿ ಪುಸ್ತಕ ಏಕೆಂದು ಅವರ ತಕರಾರು.

ಕಳೆದ ತಿಂಗಳು ಮತ್ತೆ ಆ ಮನೆಗೆ ಹೋಗಿದ್ದಾಗ ವಹಿಯನ್ನು ತಿರುವಿ ನೋಡಿದೆವು. ಕೊನೆಯ ಪುಟಗಳಲ್ಲಿ ಪೆನ್ಸಿಲಿನ ಬೇರೊಂದು ಕೈಬರಹವಿತ್ತು, ದಪ್ಪ ಅಕ್ಷರ, ಮೂರನೆಯ ತರಗತಿಯವರೆಗೆ ಓದಿದ ಕೈ. ‘ಐದೂವರಿ: ಕಸ, ನೀರು. ಆರೂವರಿ: ರೊಟ್ಟಿ, ಪಲ್ಲೆ. ಎಂಟು: ಬಾಂಡೆ.’ ಷರಾದ ಮನೆ ಖಾಲಿ ಇತ್ತು. ಯಜಮಾನರು ಕನ್ನಡಕ ಹಾಕಿಕೊಂಡು ಆ ಸಾಲುಗಳನ್ನು ಓದಿ, ಕೆಳಗೆ ಮೊತ್ತದ ಗೆರೆ ಎಳೆಯಲು ಪಟ್ಟಿ ಎಲ್ಲಿದೆ ಎಂದು ಸೊಸೆಯನ್ನು ಕೇಳಿದರು.